ಫತೇ ಮೈದಾನದಿಂದ ಉಪ್ಪಲ್‌ವರೆಗೆ

೧೯೫೫ರ ನವೆಂಬರ್ ತಿಂಗಳಿನಲ್ಲಿ ಹೈದರಾಬಾದಿನ ಫತೇ ಮೈದಾನದಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ತಂಡಗಳ ನಡುವೆ ನಡೆದ ಪಂದ್ಯವು ಆ ನಗರ ಕಂಡ ಮೊದಲ ಟೆಸ್ಟ್ ಪಂದ್ಯ. ಭಾರತ ತಂಡದ ನಾಯಕರು ಹೈದರಾಬಾದಿನವರೇ ಆದ ಗುಲಾಮ್ ಅಹಮದ್. ಪಾಲಿ ಉಮ್ರಿಗರ್ ೨೨೩ ರನ್ ಗಳಿಸಿ, ಟೆಸ್ಟ್ ಪಂದ್ಯದಲ್ಲಿ ದ್ವಿಶತಕ ಬಾರಿಸಿದ ಮೊದಲ ಭಾರತೀಯರೆನಿಸಿದರು. ಸುಭಾಷ್ ಗುಪ್ತೆ ಒಂದೇ ಸರದಿಯಲ್ಲಿ ಏಳು ಹುದ್ದರಿಗಳನ್ನು ಉರುಳಿಸಿದರು. ಪಂದ್ಯ ನಿರ್ಣಯವಿಲ್ಲದೆ ಮುಗಿಯಿತು. ಕ್ರಿಕೆಟ್ಟಿನ ದಾಖಲೆಗಳಿಗೆ ಇಷ್ಟು ಸಾಕು. ಆದರೆ ಮೈದಾನದ ಸುತ್ತ ಕುಳಿತವರಲ್ಲಿ ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳಿಂದ ಓದಲೆಂದು ಬಂದ ತರುಣರೂ ಇದ್ದಿರಲೇಬೇಕು. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರದ ಕೈಸೇರಿತ್ತು. ಹೈದರಾಬಾದ್ ರಾಜ್ಯ ಒಡೆಯುವುದು ಬಹುಮಟ್ಟಿಗೆ ನಿಶ್ಚಿತವಾಗಿತ್ತು. ಮುಂದಿನ ನವೆಂಬರ್ ಒಂದರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೀಗಾಗಿ ಹೈದರಾಬಾದಿನ ಮೊದಲ ಟೆಸ್ಟು ಆ ತರುಣರ ಪಾಲಿಗೆ ತಮ್ಮದೇ ರಾಜಧಾನಿಯಲ್ಲಿ ಕುಳಿತು ನೋಡಿದ ಕೊನೆಯ ಟೆಸ್ಟೂ ಆಯಿತು.

ರಾಜಧಾನಿ ಬದಲಾದರೂ ಮನುಷ್ಯರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಡಲಿಲ್ಲ. ಕಾಚಿಗುಡದ ಗಲ್ಲಿಗಳಲ್ಲಿ ಕನ್ನಡದ ಮನೆಗಳು ಉಳಿದವು, ನೃಪತುಂಗನ ಹೆಸರಿನ ಶಾಲೆ ಉಳಿಯಿತು, ಕರ್ನಾಟಕ ಸಾಹಿತ್ಯ ಮಂದಿರ ಉಳಿಯಿತು, ಡಿ. ಕೆ. ಭೀಮಸೇನರಾಯರಂಥವರು ಕಲಿಸಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕನ್ನಡದ ಪಾಠವೂ ನಡೆದುಬಂದಿತು. ಅಲ್ಲಿಯ ಕನ್ನಡಿಗನು ಆಡಳಿತದಲ್ಲಿ ಅಲ್ಪಸಂಖ್ಯಾತ, ಭಾಷೆಯಲ್ಲಿ ಅತಿಥಿ. ಹಳೆಯ ಸಂಸ್ಥಾನದಲ್ಲಿ ನೌಕರಿಗೆ ‘ಮುಲ್ಕಿ’ ಎಂಬ ಪ್ರಮಾಣಪತ್ರ ಬೇಕಾಗುತ್ತಿತ್ತು. ಆಟ ನೋಡಲು, ಹಾಡು ಕೇಳಲು ಅಂಥ ಪತ್ರವನ್ನು ಯಾರೂ ಕೇಳುತ್ತಿರಲಿಲ್ಲ. ಆತ ಯಾವ ಸಂಕೋಚವೂ ಇಲ್ಲದೆ ನಗರದವನಾಗಬಹುದಾಗಿದ್ದುದು ಮೈದಾನದಲ್ಲಿ ಮತ್ತು ಸಭಾಂಗಣದಲ್ಲಿ. ಈ ಕಾರಣದಿಂದಲೇ ಹೈದರಾಬಾದಿನ ಕ್ರೀಡಾಂಗಣ, ರಂಗಮಂದಿರಗಳ ಕಥೆಯನ್ನು ಕಾಚಿಗುಡದ ದಿಕ್ಕಿನಿಂದಲೂ ನೋಡಬೇಕಾಗುತ್ತದೆ.

ಫತೇ ಮೈದಾನ ಎಂಬ ಹೆಸರೇ ವಿಚಿತ್ರವಾದುದು. ೧೬೮೭ರಲ್ಲಿ ಔರಂಗಜೇಬನ ಸೈನ್ಯ ಗೋಲ್ಕೊಂಡವನ್ನು ಎಂಟು ತಿಂಗಳ ಕಾಲ ಮುತ್ತಿದಾಗ ಈ ಬಯಲಿನಲ್ಲಿ ಬೀಡುಬಿಟ್ಟಿತ್ತೆಂದೂ, ಕೋಟೆ ಕೈವಶವಾದ ಮೇಲೆ ಇದಕ್ಕೆ ‘ವಿಜಯದ ಬಯಲು’ ಎಂಬ ಹೆಸರು ಬಂದಿತೆಂದೂ ಹೇಳುತ್ತಾರೆ. ಗೆದ್ದವನು ದೆಹಲಿಯವನು, ಸೋತವನು ಈ ನಗರವನ್ನು ಕಟ್ಟಿದ ಕುತುಬ್‌ಶಾಹಿ ವಂಶದ ಕೊನೆಯ ಅರಸ ಅಬುಲ್ ಹಸನ್ ತಾನಾಶಾಹ. ತಾನು ಸೋತ ದಿನದ ಹೆಸರನ್ನು ತನ್ನ ಮುಖ್ಯ ಆಟದ ಬಯಲಿಗೆ ಇಟ್ಟುಕೊಂಡು ಮೂರು ಶತಮಾನ ನೆಮ್ಮದಿಯಿಂದ ಆಡಿದ ನಗರ ಬೇರೊಂದು ಇರಲಾರದು. ನಿಜಾಮರ ಕಾಲದಲ್ಲಿ ಇಲ್ಲಿ ಪೋಲೋ ನಡೆಯುತ್ತಿತ್ತು. ೧೯೬೭ರಲ್ಲಿ ಇದು ಲಾಲ್ ಬಹಾದುರ್ ಶಾಸ್ತ್ರಿ ಕ್ರೀಡಾಂಗಣವಾಯಿತು. ಹಳಬರ ಬಾಯಲ್ಲಿ ಮಾತ್ರ ಅದು ಫತೇ ಮೈದಾನವಾಗಿಯೇ ಉಳಿಯಿತು.

ಈ ನಗರದ ಕ್ರೀಡಾಜೀವನವನ್ನು ಕ್ರಿಕೆಟ್ಟಿನಿಂದಷ್ಟೇ ಅಳೆಯುವುದು ತಪ್ಪಾದೀತು. ಐವತ್ತರ ದಶಕದಲ್ಲಿ ಹೈದರಾಬಾದ್ ಎಂದರೆ ಫುಟ್‌ಬಾಲ್. ೧೯೫೦ರಿಂದ ೧೯೫೪ರವರೆಗೆ ಸತತ ಐದು ವರ್ಷ ಹೈದರಾಬಾದ್ ಸಿಟಿ ಪೊಲೀಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಬಂದಿತು. ಅದನ್ನು ತಿದ್ದಿ ಬೆಳೆಸಿದವರು ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಶಾಲಾ ಉಪಾಧ್ಯಾಯರಾಗಿದ್ದ ಅವರು ಭಾರತ ತಂಡದ ತರಬೇತುದಾರರಾಗಿ ೧೯೫೧ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ತಂದರು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ತಂಡವನ್ನು ನಾಲ್ಕನೆಯ ಸ್ಥಾನಕ್ಕೆ ಒಯ್ದರು. ೧೯೬೨ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು ೨-೧ರಿಂದ ಸೋಲಿಸಿ ಮತ್ತೆ ಚಿನ್ನ ಗಳಿಸಿದರು. ಮರುವರ್ಷವೇ ತೀರಿಕೊಂಡರು. ಮೆಲ್ಬರ್ನ್ ತಂಡದಲ್ಲಿ ಹೈದರಾಬಾದಿನ ಆಟಗಾರರು ಹಲವರಿದ್ದರು. ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಆ ಹೈದರಾಬಾದಿಗರು ಚೆಂಡು ಒದೆಯಲು ಕಲಿತದ್ದು ಯಾವ ಭವ್ಯ ಕ್ರೀಡಾಂಗಣದಲ್ಲಿಯೂ ಅಲ್ಲ. ಮನೆಗಳ ನಡುವೆ, ಮಸೀದಿಯ ಹಿಂದೆ, ಕೆರೆಯಂಗಳದಲ್ಲಿ ಉಳಿದಿದ್ದ ಖಾಲಿ ಜಾಗ ಅವರಿಗೆ ಸಾಕಾಗಿತ್ತು. ಫುಟ್‌ಬಾಲ್ ಬಡವರ ಆಟ. ಅದಕ್ಕೆ ಬೇಕಾದದ್ದು ಒಂದು ಚೆಂಡು ಮತ್ತು ಯಾರೂ ಬೈಯದ ಒಂದಿಷ್ಟು ನೆಲ. ನಗರ ಬೆಳೆಯುತ್ತ ಬಂದಂತೆ ಚೆಂಡು ಅಗ್ಗವಾಯಿತು, ನೆಲ ತುಟ್ಟಿಯಾಯಿತು. ಹೈದರಾಬಾದಿನ ಫುಟ್‌ಬಾಲ್ ಏಕೆ ಕುಗ್ಗಿತೆಂಬ ಪ್ರಶ್ನೆಗೆ ಪಂಡಿತರು ಅನೇಕ ಕಾರಣಗಳನ್ನು ಕೊಡುತ್ತಾರೆ. ಈ ಒಂದು ಕಾರಣವನ್ನು ಅವುಗಳ ಮೊದಲಲ್ಲಿ ಇಡಬೇಕು.

ಇನ್ನು ಸಂಗೀತದ ಮಾತು. ಫತೇ ಮೈದಾನದಿಂದ ಹೊರಟು ಒಂದೆರಡು ಮೈಲಿಯ ಸುತ್ತಳತೆಯಲ್ಲಿ ನಡೆದರೆ ಹಳೆಯ ಹೈದರಾಬಾದಿನ ಸಭಾಜೀವನವೆಲ್ಲ ದಾರಿಗೆ ಸಿಗುತ್ತದೆ. ಪಕ್ಕದಲ್ಲಿಯೇ ನಿಜಾಂ ಕಾಲೇಜು. ಅದರ ಆಸುಪಾಸಿನ ಬಶೀರ್‌ಬಾಗ್ ಅರಮನೆಯಲ್ಲಿಯೇ ೧೯೬೮ರಲ್ಲಿ ಉಸ್ತಾದ್ ಬಡೇ ಗುಲಾಮ್ ಅಲಿ ಖಾನರು ಕೊನೆಯುಸಿರೆಳೆದದ್ದು. ಅಲ್ಲಿಯ ರಸ್ತೆಗೆ ಅವರ ಹೆಸರಿದೆ. ಮುಂದೆ ಪಬ್ಲಿಕ್ ಗಾರ್ಡನ್ಸ್, ಅದರೊಳಗೆ ಏಳನೆಯ ನಿಜಾಮರ ರಜತೋತ್ಸವಕ್ಕಾಗಿ ಕಟ್ಟಿದ ಜುಬಿಲಿ ಹಾಲ್, ಬಯಲು ರಂಗಮಂದಿರವಾದ ಲಲಿತ ಕಲಾ ತೋರಣಂ. ನಾಂಪಲ್ಲಿಯಲ್ಲಿ ಎಗ್ಜಿಬಿಷನ್ ಮೈದಾನ. ಉಸ್ಮಾನಿಯಾ ಪದವೀಧರರ ಸಂಘ ೧೯೩೮ರಲ್ಲಿ ಪಬ್ಲಿಕ್ ಗಾರ್ಡನ್ಸಿನಲ್ಲಿ ಸಣ್ಣದಾಗಿ ಆರಂಭಿಸಿದ ‘ನುಮಾಯಿಷ್’ ೧೯೪೬ರಲ್ಲಿ ಈ ಮೈದಾನಕ್ಕೆ ಬಂದಿತು. ಇಂದಿಗೂ ಜನವರಿಯ ಚಳಿಯಲ್ಲಿ ಊರಿಗೆ ಊರೇ ಅಲ್ಲಿ ಸೇರುತ್ತದೆ. ಕಾಶ್ಮೀರದ ಶಾಲು ಕೊಳ್ಳಲು ಹೋದವನ ಕಿವಿಗೆ ಮುಷಾಯಿರಾದ ‘ವಾಹ್ ವಾಹ್’ ಬೀಳುತ್ತಿದ್ದ ಸ್ಥಳವದು. ಸಭಾಂಗಣವೊಂದರಲ್ಲಿ ಶ್ರೋತೃವಾಗಲು ಸಿದ್ಧತೆ ಬೇಕು. ಜಾತ್ರೆಯಲ್ಲಿ ಶ್ರೋತೃವಾಗಲು ಕಾಲು ನಿಂತರೆ ಸಾಕು.

ಈ ಸಾಲಿನಲ್ಲಿ ಕನ್ನಡ ಓದುಗರಿಗೆ ವಿಶೇಷವಾಗಿ ಪರಿಚಿತವೆನಿಸಬೇಕಾದದ್ದು ರವೀಂದ್ರ ಭಾರತಿ. ೧೯೬೧ರಲ್ಲಿ ಟಾಗೋರರ ಜನ್ಮಶತಾಬ್ದಿಯ ಅಂಗವಾಗಿ ದೇಶದ ಹಲವು ನಗರಗಳಲ್ಲಿ ರಂಗಮಂದಿರಗಳು ಎದ್ದವು. ಹೈದರಾಬಾದಿನದು ವಾಸ್ತುಶಿಲ್ಪಿ ಮಹಮ್ಮದ್ ಫಯಾಜುದ್ದೀನರ ವಿನ್ಯಾಸದಲ್ಲಿ ಅದೇ ವರ್ಷ ತೆರೆಯಿತು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ೧೯೬೩ರಲ್ಲಿ ತೆರೆಯಿತು. ಒಬ್ಬನೇ ಕವಿಯ ಹೆಸರಿನಲ್ಲಿ ಹುಟ್ಟಿದ ಈ ಎರಡು ಮಂದಿರಗಳನ್ನು ಅವಳಿಗಳೆನ್ನಬಹುದು. ಬೆಂಗಳೂರಿನಲ್ಲಿ ಕಲಾಕ್ಷೇತ್ರದ ಮೆಟ್ಟಿಲುಗಳ ಮೇಲೆ ಕುಳಿತು ಕನ್ನಡದ ನಾಟಕ ಚಳವಳಿ ಬೆಳೆಯಿತು. ಪಕ್ಕದ ‘ಸಂಸ’ ಬಯಲು ರಂಗಮಂದಿರ ಅದರ ಅಂಗಳವಾಯಿತು. ರವೀಂದ್ರ ಭಾರತಿಯಲ್ಲಿ ಕೂಚಿಪೂಡಿ, ಕರ್ನಾಟಕ ಸಂಗೀತ, ಗಜಲ್, ಸನ್ಮಾನ ಸಮಾರಂಭ, ಸರ್ಕಾರಿ ಜಯಂತಿ ಎಲ್ಲವೂ ಒಂದರ ಬೆನ್ನಿಗೆ ಒಂದು ನಡೆದವು. ಯಾವ ಒಂದು ಚಳವಳಿಯ ಮನೆಯಾಗದೆ ಎಲ್ಲರ ಛತ್ರವಾದದ್ದು ಅದರ ದೌರ್ಬಲ್ಯವೆಂದು ತೋರಬಹುದು. ಕಾಚಿಗುಡದವರಿಗೆ ಮಾತ್ರ ಅದರಿಂದಲೇ ಅನುಕೂಲವಾಯಿತು. ಛತ್ರದಲ್ಲಿ ಪರಸ್ಥಳದವನೆಂಬ ಭೇದವಿಲ್ಲ.

ಚಿಕ್ಕಡಪಲ್ಲಿಯ ತ್ಯಾಗರಾಯ ಗಾನಸಭೆ ಕಾಚಿಗುಡಕ್ಕೆ ಇನ್ನೂ ಹತ್ತಿರ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕರ್ನಾಟಕ ಸಂಗೀತ ಕಛೇರಿಯ ಮೈಯೆಲ್ಲ ಹೆಚ್ಚಾಗಿ ತೆಲುಗು. ವರ್ಣದಿಂದ ತೊಡಗಿ ಪ್ರಧಾನ ಕೃತಿಯವರೆಗೆ ತ್ಯಾಗರಾಜರ ರಾಜ್ಯ. ತನಿಯಾವರ್ತನ ಮುಗಿದು, ಅರ್ಧ ಸಭೆ ಎದ್ದು, ಬಸ್ಸು ತಪ್ಪೀತೆಂಬ ಆತಂಕದಲ್ಲಿ ಚಪ್ಪಲಿ ಹುಡುಕತೊಡಗಿದಾಗ ಗಾಯಕರು ದೇವರನಾಮ ಎತ್ತಿಕೊಳ್ಳುತ್ತಾರೆ. ಕನ್ನಡ ಸಭೆಗೆ ಬರುವುದು ಆ ಗಳಿಗೆಯಲ್ಲಿ. ಪುರಂದರದಾಸರ ಪದವಿರಬಹುದು, ಅಥವಾ ವಿಜಯದಾಸರದೋ ಮಾನವಿಯ ಜಗನ್ನಾಥದಾಸರದೋ ಇರಬಹುದು. ಆ ಇಬ್ಬರೂ ಇಂದಿನ ರಾಯಚೂರು ಜಿಲ್ಲೆಯ ಮಾನವಿ ಸೀಮೆಯವರು. ಹೈದರಾಬಾದಿನಿಂದಲೇ ಆಳಲ್ಪಟ್ಟ ನೆಲದ ಹಾಡು, ರಾಜಕೀಯ ನಕ್ಷೆ ಬದಲಾದ ಮೇಲೂ, ಕಛೇರಿಯ ಕೊನೆಯ ಹತ್ತು ನಿಮಿಷಗಳಲ್ಲಿ ಹೈದರಾಬಾದಿಗೆ ಮರಳುತ್ತದೆ. ಅರ್ಥ ತಿಳಿಯುವವರು ಆಗ ಸಭೆಯಲ್ಲಿ ಕೆಲವರೇ. ಕಾಚಿಗುಡದ ಹಿರಿಯರು ಬಸ್ಸಿಗಾಗಿ ಅವಸರಪಡದೆ ಕುಳಿತಿರುತ್ತಿದ್ದುದಕ್ಕೆ ಎರಡು ಕಾರಣ: ಆ ಪದ ತಮ್ಮದು, ಮನೆ ನಡೆದು ಹೋಗುವಷ್ಟು ಹತ್ತಿರ.

ಹಿಂದೂಸ್ತಾನಿ ಸಂಗೀತಕ್ಕೆ ಈ ನಗರದೊಡನಿರುವ ಸಂಬಂಧದಲ್ಲಿ ಒಂದು ಸಾವಿನ ನೆನಪು ಬೆರೆತಿದೆ. ಪಂಡಿತ್ ಜಸರಾಜರ ತಂದೆ ಪಂಡಿತ್ ಮೋತಿರಾಮರು ೧೯೩೪ರ ನವೆಂಬರ್ ೩೦ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ನಿಜಾಮರ ಆಸ್ಥಾನ ಗಾಯಕರಾಗಿ ಅವರು ನೇಮಕಗೊಳ್ಳಬೇಕಾಗಿದ್ದ ದಿನವೇ ಅದು. ಜಸರಾಜರಿಗೆ ಆಗ ನಾಲ್ಕು ವರ್ಷ. ಮುಂದೆ ಅವರು ಪ್ರತಿವರ್ಷ ನವೆಂಬರ್ ಕೊನೆಗೆ ಅಂಬರ್‌ಪೇಟೆಯಲ್ಲಿರುವ ತಂದೆಯ ಸಮಾಧಿಗೆ ಬಂದು, ನಗರದಲ್ಲಿ ಸಂಗೀತ ಸಮಾರೋಹ ನಡೆಸುವುದನ್ನು ವ್ರತವಾಗಿಸಿಕೊಂಡರು. ೨೦೨೦ರಲ್ಲಿ ತೀರಿಕೊಳ್ಳುವ ತನಕ ಆ ನಂಟು ಅಳಿಯಲಿಲ್ಲ. ಸಮಾರೋಹ ಚೌಮಹಲ್ಲಾ ಅರಮನೆಯ ಅಂಗಳದಲ್ಲಿಯೂ ನಡೆದದ್ದುಂಟು. ತಂದೆ ಹಾಡಬೇಕಾಗಿದ್ದ ದೊರೆಗಳ ಅರಮನೆಯಲ್ಲಿ ಮಗ, ಟಿಕೆಟ್ಟಿಲ್ಲದೆ ಬಂದ ಸಾಮಾನ್ಯರ ಮುಂದೆ ಹಾಡಿದ್ದು ಆಸ್ಥಾನ ಪದವಿಗಿಂತ ದೊಡ್ಡದು.

ಮತ್ತೆ ಮೈದಾನಕ್ಕೆ ಬರೋಣ. ನ್ಯೂಜಿಲೆಂಡಿಗೂ ಹೈದರಾಬಾದಿಗೂ ಯಾವ ಋಣಾನುಬಂಧವೋ! ಫತೇ ಮೈದಾನದಲ್ಲಿ ನಡೆದ ಮೂರು ಟೆಸ್ಟುಗಳೂ, ಅಂದರೆ ೧೯೫೫, ೧೯೬೯, ೧೯೮೮ರವು, ಆ ದೇಶದೊಡನೆಯೇ. ೧೯೬೯ರಲ್ಲಿ ಭಾರತ ಎರಡನೆಯ ಸರದಿಯಲ್ಲಿ ಏಳು ಹುದ್ದರಿ ಕಳೆದುಕೊಂಡು ೭೬ ರನ್ನಿಗೆ ತತ್ತರಿಸುತ್ತಿದ್ದಾಗ ಮಳೆ ಬಂದು ಮಾನ ಉಳಿಸಿತು. ೧೯೮೮ರಲ್ಲಿ ಭಾರತ ಹತ್ತು ಹುದ್ದರಿಗಳಿಂದ ಗೆದ್ದಿತು. ೧೯೯೯ರ ನವೆಂಬರ್ ೮ರಂದು ಎದುರಾಳಿಯಾಗಿ ಬಂದದ್ದೂ ನ್ಯೂಜಿಲೆಂಡೇ. ಅಂದು ಏಕದಿನ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ಔಟಾಗದೆ ೧೮೬, ಬೆಂಗಳೂರಿನ ರಾಹುಲ್ ದ್ರಾವಿಡ್ ೧೫೩. ಇಬ್ಬರ ಜೊತೆಯಾಟ ೩೩೧. ಏಕದಿನ ಪಂದ್ಯಗಳಲ್ಲಿ ಆ ಮೊತ್ತವನ್ನು ಮೀರಲು ಜಗತ್ತಿಗೆ ೨೦೧೫ರವರೆಗೆ ಕಾಯಬೇಕಾಯಿತು. ೨೦೦೩ರ ನವೆಂಬರ್ ೧೫ರಂದು, ಮತ್ತದೇ ನ್ಯೂಜಿಲೆಂಡಿನ ಎದುರು, ದ್ರಾವಿಡ್ ೨೨ ಚೆಂಡುಗಳಲ್ಲಿ ಅರ್ಧಶತಕ ಹೊಡೆದರು. ‘ಗೋಡೆ’ಯೆಂದು ಕರೆಸಿಕೊಂಡವರಿಗೆ ಈ ಮೈದಾನದಲ್ಲಿ ಏನಾಗುತ್ತಿತ್ತೋ ತಿಳಿಯದು. ಫತೇ ಮೈದಾನದ ದೊಡ್ಡ ಕ್ರಿಕೆಟ್ಟಿನ ಕಾಲ ಅಲ್ಲಿಗೆ ಮುಗಿಯುತ್ತ ಬಂದಿತು. ಎರಡು ವರ್ಷಗಳ ಅನಂತರ, ೨೦೦೫ರ ನವೆಂಬರ್ ೧೬ರಂದು, ದಕ್ಷಿಣ ಆಫ್ರಿಕದೊಡನೆ ಏಕದಿನ ಪಂದ್ಯ ನಡೆದಾಗ ಜನ ಪೂರ್ವಕ್ಕೆ ಉಪ್ಪಲ್‌ನ ಹೊಸ ಕ್ರೀಡಾಂಗಣಕ್ಕೆ ಹೊರಟಿದ್ದರು. ಅಲ್ಲಿಯ ಮೊದಲ ಟೆಸ್ಟು ೨೦೧೦ರಲ್ಲಿ. ಎದುರಾಳಿ ಯಾರೆಂದು ಹೇಳಬೇಕಾಗಿಲ್ಲ.

ನಗರದ ಕೇಂದ್ರವೇ ಆ ಹೊತ್ತಿಗೆ ಕಾಲ್ದೆಗೆದಿತ್ತು. ೨೦೦೨ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕ್ರೀಡೆಗಳು, ೨೦೦೩ರಲ್ಲಿ ಆಫ್ರೋ-ಏಷ್ಯನ್ ಕ್ರೀಡೆಗಳು, ೨೦೦೭ರಲ್ಲಿ ವಿಶ್ವ ಸೇನಾ ಕ್ರೀಡೆಗಳು ಹೈದರಾಬಾದಿಗೆ ಬಂದವು. ಅವುಗಳಿಗಾಗಿ ಪಶ್ಚಿಮದ ಗಚ್ಚಿಬೌಲಿಯ ಬಂಡೆಗಳ ನಡುವೆ ಬಾಲಯೋಗಿ ಅಥ್ಲೆಟಿಕ್ ಕ್ರೀಡಾಂಗಣ, ಒಳಾಂಗಣ ಕ್ರೀಡಾಂಗಣ, ಕ್ರೀಡಾಗ್ರಾಮ ಎದ್ದವು. ಯೂಸುಫ್‌ಗುಡ, ಸರೂರ್‌ನಗರಗಳಲ್ಲಿ ಒಳಾಂಗಣಗಳಾದವು. ೨೦೦೯ರಲ್ಲಿ ಗಚ್ಚಿಬೌಲಿಯಲ್ಲಿ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್ ನಡೆಯಿತು. ಬ್ಯಾಡ್ಮಿಂಟನ್ನಿನಲ್ಲಿ ಈ ನಗರ ಮುಂದೆ ಪಡೆದ ಕೀರ್ತಿಯನ್ನು ನೆನೆದರೆ ಈ ಹೂಡಿಕೆ ವ್ಯರ್ಥವಾಯಿತೆನ್ನಲಾಗದು. ೨೦೨೦ರಲ್ಲಿ ಅದೇ ಗಚ್ಚಿಬೌಲಿಯ ಕ್ರೀಡಾವಸತಿ ಗೋಪುರ ಕೋವಿಡ್ ರೋಗಿಗಳ ಆಸ್ಪತ್ರೆಯಾಯಿತು. ಕಟ್ಟಿದವರು ಊಹಿಸಿರದ ಉಪಯೋಗ. ಸಂಗೀತವೂ ಪಶ್ಚಿಮಕ್ಕೆ ಹೊರಳಿತು. ಮಾಧಾಪುರದ ಶಿಲ್ಪಾರಾಮದ ಮಗ್ಗುಲಲ್ಲಿ ಎದ್ದ ಶಿಲ್ಪಕಲಾ ವೇದಿಕೆಯಲ್ಲಿ ಸುಮಾರು ೨೫೦೦ ಆಸನಗಳಿವೆ. ಇತ್ತೀಚಿನ ಭಾರೀ ಗಾಯನಗೋಷ್ಠಿಗಳಿಗೆ ಅದೂ ಸಾಲದು. ೨೦೨೪ರ ನವೆಂಬರಿನಲ್ಲಿ ದಿಲ್ಜೀತ್ ದೋಸಾಂಜ್ ಹಾಡಿದ್ದು ಷಂಷಾಬಾದ್ ವಿಮಾನ ನಿಲ್ದಾಣದ ಬಳಿ. ೨೦೨೫ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಡ್ ಶೀರನ್ ಹಾಡಿದ್ದು ಊರಾಚೆಯ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಕಾರಿಲ್ಲದವನು ಅಲ್ಲಿಗೆ ಹೋಗುವ ಮಾತೇ ಇಲ್ಲ. ಕಾರಿರುವವನಿಗೂ ಹಿಂದಿರುಗುವಷ್ಟರಲ್ಲಿ ಬೆಳಗಾದೀತು.

ಇದನ್ನು ಹಳೆಯದರ ಹಂಬಲವೆಂದು ತಳ್ಳಿಹಾಕಲು ಬರುವುದಿಲ್ಲ. ಊರ ನಡುವಿನ ಅಂಗಣಗಳೇ ಸುರಕ್ಷಿತವೆಂದು ಹೇಳುವಂತೆಯೂ ಇಲ್ಲ. ೨೦೨೨ರ ಸೆಪ್ಟೆಂಬರ್ ೨೨ರಂದು ಸಿಕಂದರಾಬಾದಿನ ಜಿಮ್‌ಖಾನಾ ಮೈದಾನದಲ್ಲಿ ಕಾಲ್ತುಳಿತವಾಗಿ ಹಲವರು ಗಾಯಗೊಂಡರು. ಅಂದು ಅಲ್ಲಿ ಯಾವ ಪಂದ್ಯವೂ ಇರಲಿಲ್ಲ. ಉಪ್ಪಲ್‌ನಲ್ಲಿ ನಡೆಯಲಿದ್ದ ಆಸ್ಟ್ರೇಲಿಯದೊಡಗಿನ ಪಂದ್ಯಕ್ಕೆ ಟಿಕೆಟ್ ಕೊಳ್ಳಲು ಜನ ನೆರೆದಿದ್ದರು. ಮೊಯಿನ್-ಉದ್-ದೌಲಾ ಚಿನ್ನದ ಬಟ್ಟಲಿನ ಪಂದ್ಯಗಳನ್ನು ಮೂವತ್ತರ ದಶಕದಿಂದ ಕಂಡ ಮೈದಾನ ಈಗ ಟಿಕೆಟ್ಟಿನ ಸರತಿಗೆ ಒದಗಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಇಂದಿಗೂ ಊರ ಎದೆಯ ಮೇಲಿದೆ; ೨೦೨೫ರ ಜೂನ್ ೪ರಂದು ಅದರ ದ್ವಾರಗಳ ಹೊರಗೆ ಹನ್ನೊಂದು ಜೀವಗಳು ಹೋದವು. ಸತ್ತವರು ಆಟಗಾರರ ಮುಖ ನೋಡಲೆಂದು ಬಂದವರು. ಮೈದಾನಕ್ಕೆ ಗೋಡೆ ಬಂದ ಮೇಲೆ ಬಾಗಿಲು ಬರುತ್ತದೆ. ಬಾಗಿಲು ಬಂದ ಮೇಲೆ ಒಳಗಿನವರು, ಹೊರಗಿನವರು ಎಂಬ ಎರಡು ಜಾತಿ ಹುಟ್ಟುತ್ತವೆ. ಎಷ್ಟು ಆಸನ ಎಂಬುದನ್ನು ಕಟ್ಟುವವರು ಮೊದಲು ಲೆಕ್ಕ ಹಾಕುತ್ತಾರೆ. ಆಸನ ಸಿಗದೆ ನಿಂತವನು ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಯಾವ ನಕ್ಷೆಯಲ್ಲಿಯೂ ಸರಿಯಾಗಿ ಕಾಣಿಸುವುದಿಲ್ಲ.

ಫತೇ ಮೈದಾನ ಈಗಲೂ ಇದೆ. ೧೯೮೩ರ ಜನವರಿಯಲ್ಲಿ ಎನ್. ಟಿ. ರಾಮರಾವ್ ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲಿಯೇ. ೨೦೨೩ರ ಡಿಸೆಂಬರ್ ೭ರಂದು ರೇವಂತ್ ರೆಡ್ಡಿಯವರು ಸ್ವೀಕರಿಸಿದ್ದೂ ಇಲ್ಲಿಯೇ. ಈ ಎರಡು ದಿನಗಳ ನಡುವೆ, ೨೦೧೪ರಲ್ಲಿ, ಒಂದು ರಾಜ್ಯ ಮತ್ತೆ ಎರಡಾಯಿತು. ತಮ್ಮದೆಂದು ಭಾವಿಸಿದ್ದ ರಾಜಧಾನಿಯಲ್ಲಿ ಹೊರಗಿನವರಾಗುವ ಅನುಭವ ಈ ಸಲ ಆಂಧ್ರದ ಜಿಲ್ಲೆಗಳವರದಾಯಿತು. ಕಾಚಿಗುಡದ ಕನ್ನಡಿಗರು ಆ ಪಾಠವನ್ನು ೧೯೫೬ರಲ್ಲಿಯೇ ಓದಿ ಮುಗಿಸಿದ್ದರು.

ಮಾಧಾಪುರ, ಗಚ್ಚಿಬೌಲಿಗಳ ಕಚೇರಿಗಳಿಗೆ ಈಗ ಕರ್ನಾಟಕದಿಂದ ಬಂದ ಹೊಸ ತಲೆಮಾರು ಸೇರಿಕೊಂಡಿದೆ. ಶಿಲ್ಪಕಲಾ ವೇದಿಕೆ ಅವರ ಬಾಲ್ಕನಿಯಿಂದ ಕಾಣಿಸೀತು; ಸಾಹಿತ್ಯ ಮಂದಿರದ ಹೆಸರನ್ನು ಅವರಲ್ಲಿ ಅನೇಕರು ಕೇಳಿರಲಾರರು. ಇಬ್ಬರ ನಡುವೆ ಇಪ್ಪತ್ತು ಕಿಲೋಮೀಟರುಗಳಷ್ಟು ದಾರಿ. ೨೦೧೭ರಿಂದ ಓಡತೊಡಗಿದ ಮೆಟ್ರೊ ರೈಲು ಈ ದೂರವನ್ನು ಒಂದಿಷ್ಟು ಕುಗ್ಗಿಸಿದೆ. ಉಪ್ಪಲ್‌ನ ಬಳಿ ‘ಸ್ಟೇಡಿಯಂ’ ಎಂದೇ ಒಂದು ನಿಲ್ದಾಣವಿದೆ. ರವೀಂದ್ರ ಭಾರತಿಯಾದರೋ ಅಸೆಂಬ್ಲಿ ಮತ್ತು ಲಕಡಿಕಾಪೂಲ್ ನಿಲ್ದಾಣಗಳ ನಡುವೆ ಬಿದ್ದು, ಪಶ್ಚಿಮದವರಿಗೂ ಕಾಚಿಗುಡದವರಿಗೂ ಮತ್ತೆ ಕಾಲ್ನಡಿಗೆಯ ಅಳತೆಗೆ ಬಂದಿದೆ. ಐಪಿಎಲ್ ಪಂದ್ಯಗಳ ರಾತ್ರಿ ಮೆಟ್ರೊ ಸಂಚಾರವನ್ನು ಹೆಚ್ಚು ಹೊತ್ತು ನಡೆಸಿದ್ದುಂಟು. ದೇವರನಾಮ ಮುಗಿಯಲೆಂದು ರೈಲು ಕಾದು ನಿಲ್ಲುವುದನ್ನು ಯಾರೂ ನಿರೀಕ್ಷಿಸಬೇಕಾಗಿಲ್ಲ. ಕಛೇರಿಯನ್ನು ಅರ್ಧ ಗಂಟೆ ಮೊದಲು ಆರಂಭಿಸುವಂತೆ ಸಂಘಟಕರನ್ನು ಕೇಳಿಕೊಳ್ಳಬಹುದು.